ತೋಟದ ಮನೆಗೆ ಯಾವ ಬಂದೂಕು?

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ ಹೋಬಳಿಯ ತೋಟದ ಮನೆಯೊಂದಕ್ಕೆ ಯಾವ ಬಂದೂಕು ತಕ್ಕದ್ದು ಎಂಬುದನ್ನು ಬಹುಮಟ್ಟಿಗೆ ಕಾನೂನೇ ತೀರ್ಮಾನಿಸಿಬಿಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಪ್ರಕಾರ ರಕ್ಷಣೆಗೆಂದು ಅರ್ಜಿ ಹಾಕಿದವರಿಗೆ ಸಿಗುವುದು ಒಳಮೈ ನುಣುಪಾದ, ಕನಿಷ್ಠ 20 ಅಂಗುಲ ನಳಿಗೆಯ ಬಂದೂಕು. ಬೆಳೆ ಕಾಯುವವರಿಗೆ ಬಾಯಿಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಬಂದೂಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಬಂದೂಕು. ಪಿಸ್ತೂಲು, ರಿವಾಲ್ವರ್ ಬೇಕೆಂದರೆ ಬೇರೆಯೇ ಬಲವಾದ ಕಾರಣ ತೋರಿಸಬೇಕು.

ಈ ಕಟ್ಟುಪಾಡಿನ ಬೇರು 1857ರ ದಂಗೆಯಲ್ಲಿದೆ. ಅದರಿಂದ ಬೆದರಿದ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಂಡರು. 1861ರಲ್ಲಿ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಇದರಿಂದ ವಿನಾಯಿತಿ ಕೊಟ್ಟ. ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ ಮುಂದುವರಿಸಿತು. ವೈಸ್‌ರಾಯ್ ಲಿಟ್ಟನ್ ಕಾಲದ 1878ರ ಕಾಯ್ದೆ ಉಳಿದ ಭಾರತೀಯರಿಗೆ ಪರವಾನಗಿ ಕಡ್ಡಾಯ ಮಾಡಿ, ಯುರೋಪಿಯನ್ನರನ್ನು ಹೊರಗಿಟ್ಟಿತು. ಈ ಅವಮಾನಕ್ಕೆ ಕಾಂಗ್ರೆಸ್ಸು 1931ರ ಕರಾಚಿ ನಿರ್ಣಯದಲ್ಲಿ ಉತ್ತರ ಕೊಟ್ಟಿತು: ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕು.

ಆ ಮಾತನ್ನು ಉಳಿಸಿಕೊಳ್ಳಿ ಎಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಟ ಹಿಡಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಐ.ಸಿ.ಎಸ್. ಹುದ್ದೆ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದ್ದ ಅವರು, ಕರಡಿನ 13ನೇ ವಿಧಿಗೆ, ಅಂದರೆ ಇಂದಿನ 19ನೇ ವಿಧಿಗೆ, ಆಯುಧದ ಹಕ್ಕನ್ನೂ ಸೇರಿಸಬೇಕೆಂದು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಪರಕೀಯ ಸರ್ಕಾರದ ಎದುರು ಆ ಬೇಡಿಕೆಗೆ ಅರ್ಥವಿತ್ತು. ಈಗ ಸಂದರ್ಭ ಬದಲಾಗಿದೆ ಎಂದರು. ಒತ್ತಿ ಹೇಳಬೇಕಾದದ್ದು ಆಯುಧ ಹಿಡಿಯುವ ಹಕ್ಕನ್ನಲ್ಲ, ದೇಶಕ್ಕಾಗಿ ಅದನ್ನು ಹಿಡಿಯುವ ಕರ್ತವ್ಯವನ್ನು ಎಂಬುದು ಅವರ ವಾದ. ಯಾರು ಬೇಕಾದರೂ ಪೇಟೆಗೆ ಹೋಗಿ ಆಯುಧ ಕೊಳ್ಳುವಂತಾದರೆ ಆಡಳಿತ ನಡೆಸುವುದು ಹೇಗೆ ಎಂದೂ ಕೇಳಿದರು. ತಿದ್ದುಪಡಿ ಬಿದ್ದುಹೋಯಿತು. ಆ ಸಭೆಯಲ್ಲಿದ್ದ ಮೈಸೂರಿನ ಪ್ರತಿನಿಧಿಗಳಲ್ಲಿ ಕ್ಯಾಸಂಬಳ್ಳಿಯಲ್ಲೇ 1902ರಲ್ಲಿ ಹುಟ್ಟಿದ ಕೆ. ಚೆಂಗಲರಾಯ ರೆಡ್ಡಿ ಕೂಡ ಒಬ್ಬರು. ಇಷ್ಟು ತೂಕದ ವಾಗ್ವಾದ ಕನ್ನಡದಲ್ಲಿ ಇಂದು ನೆನಪಾಗುವುದೇ ಅಪರೂಪ. ಕೊಡಗಿನ ಕೋವಿಯ ವಿಷಯ ಬಂದಾಗಲೂ ಕಾಮತರ ಹೆಸರು ಎತ್ತುವವರಿಲ್ಲ ಎನ್ನುವುದು ನೋವಿನ ಸಂಗತಿ.

ಹಕ್ಕಾಗದೆ ಉಳಿದದ್ದು ಪರವಾನಗಿಯ ವಿಷಯವಾಯಿತು. 1959ರ ಕಾಯ್ದೆ 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. 1983ರ ತಿದ್ದುಪಡಿ ಒಬ್ಬರಿಗೆ ಮೂರೇ ಬಂದೂಕು ಎಂದಿತು. 2019ರದ್ದು ಎರಡಕ್ಕೆ ಇಳಿಸಿತು.

ಕಾನೂನು ಆರಿಸಿಕೊಟ್ಟ ಬಂದೂಕಿನಲ್ಲಿ ವಿವೇಕವೂ ಇದೆ. ಹೆಚ್ಚು ಬಳಕೆಯಲ್ಲಿರುವ 12 ಬೋರಿನ ತೋಟಾ ಬಂದೂಕಿನ ನಳಿಗೆಯ ಅಗಲ ಸುಮಾರು 18.5 ಮಿಲಿಮೀಟರ್. ಒಂದು ಪೌಂಡು ಸೀಸದಿಂದ ಎರಕ ಹೊಯ್ದ ಹನ್ನೆರಡು ಸಮ ಗುಂಡುಗಳಲ್ಲಿ ಒಂದರ ಅಳತೆ ಅದು. ಅದರಿಂದ ಹೊರಡುವ ಸಣ್ಣ ಚರೆಗಳು ಹರಡಿಕೊಂಡು ಬೇಗ ಕಸುವು ಕಳೆದುಕೊಳ್ಳುತ್ತವೆ. ರೈಫಲ್ಲಿನ ಗುಂಡಾದರೋ ಗುರಿ ತಪ್ಪಿದರೂ ಬಹುದೂರ ಹೋಗಬಲ್ಲದು. ಗೋಡೆಗೆ ಗೋಡೆ ತಾಗಿದ ಕೆ.ಜಿ.ಎಫ್. ಗಣಿ ಕಾರ್ಮಿಕರ ಸಾಲುಮನೆಗಳಂಥ ಕಡೆ ಇದು ದೊಡ್ಡ ವ್ಯತ್ಯಾಸ. ಹಾಗೆಂದು ದಪ್ಪ ಚರೆ ತೆಳು ಗೋಡೆಯನ್ನು ಸೀಳದೆ ಬಿಡುವುದಿಲ್ಲ. ಉದ್ದ ನಳಿಗೆ ಇಕ್ಕಟ್ಟಾದ ಕೋಣೆಯಲ್ಲಿ ತಿರುಗಿಸಲು ತೊಡಕು. ಮದ್ದು ತುಂಬುವ ಬಂದೂಕಿನಲ್ಲಿ ಒಂದು ಈಡು ಹಾರಿಸಿದ ಮೇಲೆ ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ. ಮನೆ ಕಾಯಲು ಅದು ಒಗ್ಗುವುದಿಲ್ಲ.

ಕಾಮಸಮುದ್ರದ ಕಡೆ ಹೊಲಕ್ಕಿಳಿಯುವ ಆನೆಗಳಿಗೆ ಇವು ಯಾವುವೂ ಮದ್ದಲ್ಲ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಗೆ ಬೆಳೆ ಕಾಯುವ ನೆಪದಲ್ಲಿ ಗುಂಡು ಹೊಡೆಯುವುದು ಅಪರಾಧ. ಇನ್ನು, ಚುನಾವಣೆ ಬಂದಾಗ ಪರವಾನಗಿ ಬಂದೂಕುಗಳನ್ನೂ ಠಾಣೆಯಲ್ಲಿಡಲು ಆದೇಶ ಬರುವುದುಂಟು. ಆ ವಾರಗಳಲ್ಲಿ ಒಂಟಿ ಮನೆಯವರ ಆತಂಕಕ್ಕೆ ಉತ್ತರ ಕೊಡುವವರಿಲ್ಲ.

ಬಳಕೆಗೂ ಮಿತಿಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ, ದರೋಡೆ ಅಥವಾ ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಮನೆಗನ್ನದಂಥ ಸಂದರ್ಭಗಳಲ್ಲಿ ಪ್ರಾಣ ತೆಗೆಯುವ ಮಟ್ಟದ ಸ್ವತ್ತಿನ ರಕ್ಷಣೆಯನ್ನೂ ಒಪ್ಪುತ್ತದೆ. 37ನೇ ಕಲಂ ಅಗತ್ಯಕ್ಕಿಂತ ಹೆಚ್ಚಿನ ಪೆಟ್ಟನ್ನು ಒಪ್ಪುವುದಿಲ್ಲ. ಬೆನ್ನು ತೋರಿಸಿ ಓಡುವ ಕಳ್ಳನಿಗೆ ಹೊಡೆದವರು ಕೊಲೆ ಆರೋಪ ಎದುರಿಸಬೇಕಾಗಬಹುದು. ಬಂದೂಕನ್ನು ತೋಟಾ ತೆಗೆದು ಬೀಗದೊಳಗೆ, ತೋಟಾಗಳನ್ನು ಬೇರೆಡೆ, ಎರಡನ್ನೂ ಮಕ್ಕಳ ಕೈಗೆ ಸಿಗದಂತೆ ಇಡಬೇಕು.