ಕರೋನದ ಕಮಾನುಗಳಿಗೆ ಕಾವೆಲ್ಲಿಯದು?

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು, ನಮ್ಮ ಕಬ್ಬೂರಿನ ಮೂಡಣಕ್ಕಿರುವ ಜಮಖಂಡಿಯಲ್ಲಿ, ಲೆಫ್ಟಿನೆಂಟ್ ಜಾನ್ ಹರ್ಷೆಲನು ಸೂರ್ಯನಂಚಿನ ಜ್ವಾಲೆಗಳು ಅನಿಲವೆಂದು ರೋಹಿತದಿಂದ ಕಂಡುಕೊಂಡನು. ಅವುಗಳಾಚೆಯ ಪ್ರಭಾವಲಯವಾದ ಕರೋನವು ಒಗಟಾಗಿಯೇ ಉಳಿಯಿತು. ಒಲೆಯಿಂದ ದೂರ ಸರಿದಂತೆ ಕಾವು ಇಳಿಯಬೇಕಷ್ಟೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿಯಾದರೆ ಕರೋನವು ಹತ್ತು ಲಕ್ಷಕ್ಕೂ ಮಿಗಿಲು! ಅದರ ಹಸಿರು ರೇಖೆಯು ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ್ದೆಂದು 1940ರ ಸುಮಾರಿಗೆ ಎಡ್ಲೆನ್ ತೋರಿಸಿದ ಮೇಲೆ ಇದನ್ನು ಒಪ್ಪದೆ ಗತ್ಯಂತರವಿರಲಿಲ್ಲ.

ಈ ಅನಿಲವು ಕಾಂತರೇಖೆಗಳ ಹಿಡಿತದಲ್ಲಿ ಕಮಾನುಗಳಾಗಿ ನಿಲ್ಲುವುದು. ಅವುಗಳ ಬುಡವನ್ನು ಕುದಿಯುವ ಮೇಲ್ಮೈಯು ಸದಾ ಅಲುಗಿಸುತ್ತಿರುವುದು. ಆ ಅಲುಗಾಟವು ಅಲೆಗಳಾಗಿ ಮೇಲೇರಿ ಕಾವಾಗುವುದೆಂದು ಕೆಲವರ ಮತ. ಹೆಣೆದುಕೊಂಡ ರೇಖೆಗಳು ಕಡಿದು ಮರಳಿ ಕೂಡುವಾಗಿನ ಅಸಂಖ್ಯ ಕಿರುಸ್ಫೋಟಗಳೇ ಕಾರಣವೆಂದು 1988ರಲ್ಲಿ ಪಾರ್ಕರ್ ಮಂಡಿಸಿದ ಮತ. ನಮಗೆ ಎರಡೂ ಕೂಡಿರುವಂತೆ ತೋರುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ರಚಿಸಿದ ಉಪಕರಣವು, 2023ರಲ್ಲಿ ಏರಿದ ಆದಿತ್ಯ ಎಲ್-1 ನೌಕೆಯಿಂದ, ಗ್ರಹಣದ ಹಂಗಿಲ್ಲದೆ ಆ ಹಸಿರು ರೇಖೆಯನ್ನೇ ಪರೀಕ್ಷಿಸುತ್ತಿದೆ.