ಎಸ್‌ಯುವಿ ಟಾಪ್‌ಗೆ ಕ್ರಾಸ್‌ಬಾರ್: ಹಾಕಿಸುವ ಮುನ್ನ ತೂಕದ ಲೆಕ್ಕ ನೋಡಿ

ದೊಡ್ಡ ಗಾಡಿ, ಟಾಪ್ ಮೇಲೆ ಎಷ್ಟು ಹೇರಿದರೂ ತಡೆಯುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಸ್ಕಾರ್ಪಿಯೊ, ಫಾರ್ಚೂನರ್‌ನಂಥ ಎಸ್‌ಯುವಿಗೆ ಕ್ರಾಸ್‌ಬಾರ್ ಹಾಕಿಸುವ ಮುನ್ನ, ಟಾಪ್ ಮೇಲೆ ಎಷ್ಟು ತೂಕ ಹೇರಬಹುದು ಎಂದು ಗಾಡಿ ಜೊತೆ ಬಂದ ಪುಸ್ತಕದಲ್ಲಿ ನೋಡಬೇಕು. ಬಾರ್‌ಗಳ ತೂಕವೂ ಆ ಮಿತಿಯೊಳಗೇ ಸೇರುತ್ತೆ. ಉದಾಹರಣೆಗೆ, ಮಿತಿ 75 ಕೆಜಿ, ಬಾರ್‌ಗಳು 7 ಕೆಜಿ ಇದ್ದರೆ ಉಳಿಯೋದು 68 ಕೆಜಿ. ಅಂದರೆ 25 ಕೆಜಿಯ ಅಕ್ಕಿ ಚೀಲ ಎರಡೇ, ಮೂರನೆಯದಕ್ಕೆ ಜಾಗವಿಲ್ಲ. ಬಾರ್‌ನ ಮಿತಿ ಇನ್ನೂ ಕಡಿಮೆ ಇದ್ದರೆ ಅದನ್ನೇ ಪಾಲಿಸಬೇಕು.

ಕೆಲವು ಗಾಡಿಗಳ ರೂಫ್ ರೈಲ್ ಬರೀ ಅಂದಕ್ಕೆ, ಭಾರ ಹೊರಲ್ಲ. ರೈಲ್ ಕೆಳಗೆ ಸಂದಿ ಇದ್ದರೆ ಒಂದು ಬಗೆಯ ಕ್ಲ್ಯಾಂಪ್, ಇಲ್ಲದಿದ್ದರೆ ಬೇರೆ. ಕಬ್ಬಿಣದ ಬಾರ್ ಅಗ್ಗ, ಆದರೆ ತೂಕ ಜಾಸ್ತಿ, ಬಣ್ಣ ಕಿತ್ತರೆ ತುಕ್ಕು. ಅಲ್ಯುಮಿನಿಯಂ ದುಬಾರಿ, ಆದರೆ ಹಗುರ.

ಟಾಪ್ ಭಾರವಾದಷ್ಟೂ ಘಾಟಿ ತಿರುವಿನಲ್ಲಿ ಗಾಡಿ ವಾಲುತ್ತೆ. ಭಾರವನ್ನು ಎರಡೂ ಬಾರ್ ಮೇಲೆ ಸಮನಾಗಿ ಹಂಚಿ. ಹೊರಟ ಸ್ವಲ್ಪ ದೂರಕ್ಕೇ ಗಾಡಿ ನಿಲ್ಲಿಸಿ, ಬೋಲ್ಟ್, ಹಗ್ಗ ಬಿಗಿಯಾಗಿವೆಯೇ ಎಂದು ಮತ್ತೊಮ್ಮೆ ನೋಡಿ.