ನಾಲ್ಕನೇ ಕೈ

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಹಲವರ ಹುಬ್ಬು ಮೇಲೇರುತ್ತದೆ. ಹಣ ಕಟ್ಟಿ ಆಡಿ ಮನೆ ಕಳೆದುಕೊಂಡವರ ಕಥೆ ಊರೂರಿನಲ್ಲೂ ಇರುತ್ತದೆ. ಆದರೆ ಒಂದು ಪೈಸೆಯನ್ನೂ ಕಟ್ಟದೆ, ಮಳೆಗಾಲದ ಸಂಜೆ ಕಳೆಯಲೆಂದು ಮನೆಮಂದಿ ಕೂತು ಆಡುವ ಇಸ್ಪೀಟೂ ಉಂಟು. ನಮ್ಮ ಮನೆಯಲ್ಲಿ ಅದು ‘ಇಪ್ಪತ್ತೆಂಟು’.

ನಮ್ಮದು ಸಾಗರದ ಕಡೆಯ ಹಳ್ಳಿ. ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಮೊಬೈಲ್ ನೆಟ್‌ವರ್ಕ್. ಆಗ ಜಗಲಿಯಲ್ಲಿ ಕಂಬಳಿ ಹಾಸಿ ಅಜ್ಜ, ಅಪ್ಪ, ಚಿಕ್ಕಪ್ಪ, ನಾನು ಕೂರುತ್ತಿದ್ದೆವು. ಎದುರುಬದುರು ಕೂತವರು ಜೋಡಿ. ನನ್ನ ಜೋಡಿ ಅಜ್ಜ.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 52 ಎಲೆಗಳ ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಟ್ಟರೆ 32 ಉಳಿಯುತ್ತವೆ. ಇಲ್ಲಿ ರಾಜ, ರಾಣಿಗೆ ಅಂಕವೇ ಇಲ್ಲ, ಗುಲಾಮನೇ ದೊರೆ! ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ತಲಾ 1. ನಾಲ್ಕೂ ಬಣ್ಣದ ಎಲೆಗಳ ಅಂಕ ಕೂಡಿದರೆ 28. ಮೊದಲು ಕೈಗೆ ಬರುವುದು ನಾಲ್ಕೇ ಎಲೆ. ಅಷ್ಟನ್ನೇ ನೋಡಿ, ಎಷ್ಟು ಅಂಕ ಗಳಿಸುತ್ತೇವೆಂದು ಕೂಗಬೇಕು. ಹೆಚ್ಚು ಕೂಗಿದವರು ತುರುಪಿನ ಎಲೆಯನ್ನು ಮಗುಚಿ ಇಡುತ್ತಾರೆ. ಉಳಿದ ನಾಲ್ಕು ಎಲೆ ಆಮೇಲೆ. ಅರ್ಧ ಕಂಡು ಪೂರ್ತಿಗೆ ಮಾತು ಕೊಡುವ ಆಟ ಇದು. ಜೋಡಿಯ ಕೈಯಲ್ಲಿ ಏನಿದೆ ಎಂದು ಕೇಳುವಂತಿಲ್ಲ, ನಂಬಬೇಕು ಅಷ್ಟೆ.

ಹೋದ ವರ್ಷ ಬೇಸಿಗೆಯಲ್ಲಿ ಅಜ್ಜ ತೀರಿಕೊಂಡ. ಮಳೆ ಬಂತು, ಕರೆಂಟು ಹೋಯಿತು. ಇಸ್ಪೀಟಿನ ಕಟ್ಟು ಮಾತ್ರ ಗೂಡಿನಿಂದ ಕೆಳಗಿಳಿಯಲಿಲ್ಲ. ನಾಲ್ಕನೇ ಕೈ ಇಲ್ಲ. ಅಮ್ಮನಿಗೋ ಎಲೆ ಕಂಡರೇ ನಿದ್ದೆ.

ಒಂದು ಸಂಜೆ ಅಜ್ಜಿ ತಾನಾಗಿಯೇ ಕಟ್ಟು ತಂದು ಕಂಬಳಿಯ ಮೇಲಿಟ್ಟಳು. ನನ್ನೆದುರು ಕೂತು, “ಹಂಚು” ಅಂದಳು.

“ಅಮ್ಮಾ, ಇದು ಕತ್ತೆ ಆಟ ಅಲ್ಲ” ಎಂದು ಚಿಕ್ಕಪ್ಪ ನಕ್ಕ.

ಅಜ್ಜಿ ಉತ್ತರ ಕೊಡಲಿಲ್ಲ. ನಾಲ್ಕು ಎಲೆ ನೋಡಿ “ಹದಿನೆಂಟು” ಎಂದು ಕೂಗಿದಳು. ಹದಿನೆಂಟರ ಮೇಲೆ ಮತ್ತೆರಡು ಅಂಕ ಹೆಚ್ಚೇ ಬಂತು!

“ಯಾವಾಗ ಕಲಿತೆ?” ಅಪ್ಪನಿಗೆ ಆಶ್ಚರ್ಯ.

“ನಲವತ್ತು ವರ್ಷ ಈ ಬಾಗಿಲಲ್ಲಿ ಚಾ ಲೋಟ ಹಿಡ್ಕೊಂಡು ನಿಂತಿದೀನಲ್ಲ. ಚಾ ಮಾಡ್ತೀಯಾ ಅಂತ ಎಲ್ಲರೂ ಕೇಳಿದ್ರಿ. ಆಡ್ತೀಯಾ ಅಂತ ಯಾರು ಕೇಳಿದ್ರಿ?”

ಜಗಲಿಯಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಕೊನೆಗೆ ಅಜ್ಜಿಯೇ ಮಾತು ತೆಗೆದಳು: “ನಿಮ್ಮ ಅಪ್ಪಯ್ಯನಿಗೆ ಗುಲಾಮ ಬಂದ್ರೆ ಎಡಗೈ ಮೀಸೆಗೆ ಹೋಗ್ತಿತ್ತು. ನೀವು ಯಾರೂ ಕಂಡುಹಿಡೀಲೇ ಇಲ್ಲ.” ಅಪ್ಪ ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡ.

ಈಗ ವಾರಕ್ಕೆ ಎರಡು ದಿನವಾದರೂ ಆಟ ಇದ್ದೇ ಇರುತ್ತದೆ. ಅಜ್ಜಿ ಹೊಸ ನಿಯಮವೊಂದನ್ನು ತಂದಿದ್ದಾಳೆ: ಸೋತ ಜೋಡಿ ಚಾ ಮಾಡಬೇಕು. ಸೋತೂ ಸೋತು ಚಿಕ್ಕಪ್ಪನ ಕೈಯ ಚಾ ಈಗ ಬಹಳ ಸುಧಾರಿಸಿದೆ.

ನಿಮ್ಮ ಮನೆಯಲ್ಲೂ ಇಸ್ಪೀಟಿನ ಕಟ್ಟೊಂದು ಧೂಳು ತಿನ್ನುತ್ತಿದ್ದರೆ ಹೊರಗೆ ತೆಗೆಯಿರಿ. ಆದರೆ ಎಲೆ ಹಂಚುವ ಮೊದಲು ಅಡುಗೆಮನೆಯ ಕಡೆಗೊಮ್ಮೆ ಕೂಗಿ ಕೇಳಿ, “ಆಡೋಕೆ ಬರ್ತೀಯಾ?” ಅಂತ.